ಮಲ್ಪೆಯಲ್ಲಿ ಮಾರಕ್ಕ ಏಡಿ ಮುರಿದಳು

ಮೊನ್ನೆ ನನ್ನ ಹೆಂಡತಿ ಒಂದು ದೊಡ್ಡ ಹೋಟೆಲಿನ ಎಸಿ ಹಾಲ್‌ನಲ್ಲಿ, ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟುಕೊಂಡು ಕೂತು, ಬರಿಗೈಯಲ್ಲಿ ಒಂದು ಏಡಿಯ ಕಾಲು ಮುರಿದಳು.

ಟಪ್!

ಪಕ್ಕದ ಟೇಬಲ್‌ನವರು ತಿರುಗಿ ನೋಡಿದರು. ನೀರು ಬಗ್ಗಿಸುತ್ತಿದ್ದ ವೇಟರ್ ಅರ್ಧ ಲೋಟಕ್ಕೇ ನಿಂತ. ನಾನು? ತೆರೆದ ಬಾಯಿ ಮುಚ್ಚುವುದನ್ನೇ ಮರೆತಿದ್ದೆ. ಇಪ್ಪತ್ನಾಲ್ಕು ವರ್ಷದಿಂದ ಒಂದೇ ಸೂರಿನಡಿ ಇರುವ ಹೆಂಗಸು. ಅವಳಿಗೆ ಏಡಿ ಮುರಿಯಲು ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ!

ಇರಿ, ಮೊದಲಿನಿಂದ ಹೇಳುತ್ತೇನೆ.

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಎಣ್ಣೆ ಮಿಲ್ಲಿನ ಲೇಬಲ್ಲು, ಇಂಥವೇ. ಹೆಂಡತಿ ಮಾರಕ್ಕ ಅಂಗನವಾಡಿ ಟೀಚರ್. ಮಗಳು ಕಾವ್ಯ ದಾವಣಗೆರೆಯಲ್ಲಿ ನರ್ಸ್. ಮನೆಯಲ್ಲಿ ನನ್ನ ಅವ್ವ ಇದ್ದಾಳೆ. ಎಪ್ಪತ್ತು ದಾಟಿದರೂ ಅವಳ ದನಿ ಬೀದಿ ಕೊನೆಗೆ ಕೇಳಿಸುತ್ತದೆ. ಇಷ್ಟೇ ನಮ್ಮ ಸಂಸಾರ.

ಈ ಸಲ ನಮ್ಮ ಮದುವೆಯ ದಿನ ಹತ್ತಿರ ಬಂದಾಗ ಮಗಳು ಫೋನ್ ಮಾಡಿ, "ಅಪ್ಪ, ನೀವಿಬ್ರೂ ಮೂರು ದಿನ ಮಲ್ಪೆಗೆ ಹೋಗಿ ಬರ್ರಿ. ರೂಮು ಬುಕ್ ಆಗೈತೆ" ಎಂದಳು.

"ಮದುವೆ ಸೀಜನ್ ಕಣಮ್ಮ, ಪ್ರೆಸ್‌ನಲ್ಲಿ ಕೆಲಸ ಐತೆ" ಎಂದೆ.

"ಇಪ್ಪತ್ನಾಲ್ಕು ವರ್ಷದಿಂದ ಬೇರೆಯವರ ಮದುವೆಗೇ ದುಡಿದಿದ್ದೀಯ. ಒಂದ್ಸಲ ನಿನ್ನ ಮದುವೆಗೆ ರಜ ಹಾಕು."

ಇದಕ್ಕೆ ಏನು ಹೇಳುತ್ತೀರಿ? ಅವ್ವನನ್ನು ಪಕ್ಕದ ಬೀದಿಯಲ್ಲಿರುವ ತಮ್ಮನ ಮನೆಯಲ್ಲಿ ಬಿಟ್ಟು, ಬಸ್ ಹತ್ತಿದೆವು.

ಸಮುದ್ರದ ಬಗ್ಗೆ ಹೆಚ್ಚಿಗೆ ಬರೆಯುವುದಿಲ್ಲ. ನೋಡಿದವರಿಗೆ ಗೊತ್ತು, ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಕಣ್ಣು ಹಾಯಿಸಿದಷ್ಟೂ ಬಯಲು ಕಂಡು ಬೆಳೆದವರು ನಾವು. ಅಷ್ಟೂ ಬಯಲು ನೀರಾಗಿಬಿಟ್ಟರೆ ಹೇಗಿರುತ್ತದೋ ಹಾಗಿತ್ತು. ಮಾರಕ್ಕ ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದವಳು ಒಂದೂವರೆ ಗಂಟೆ ಮೇಲೆ ಬರಲೇ ಇಲ್ಲ. ನಾನು ಇಬ್ಬರ ಚಪ್ಪಲಿ ಹಿಡಿದುಕೊಂಡು ದಡದಲ್ಲಿ ನಿಂತಿದ್ದೆ. (ಗಂಡಂದಿರಿಗೆ ರಜೆಯಲ್ಲೂ ಇಂಥದೊಂದು ಡ್ಯೂಟಿ ಇದ್ದೇ ಇರುತ್ತದೆ.)

ಎರಡನೆಯ ದಿನ ಸಂಜೆ ಮಗಳಿಂದ ಮೆಸೇಜು. "ಆರೂವರೆಗೆ ಟೇಬಲ್ ರಿಸರ್ವ್ ಮಾಡಿದ್ದೀನಿ. ಅವ್ವ ಆ ಹಸಿರು ಮೊಳಕಾಲ್ಮೂರು ಸೀರೆ ಉಡ್ಲಿ. ಮಿಸ್ ಮಾಡ್ಬೇಡ್ರಿ."

ಟೇಬಲ್ ರಿಸರ್ವ್! ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವುದು ಬಿಟ್ಟರೆ ಬೇರೆ ರಿಸರ್ವೇಶನ್ ಗೊತ್ತಿಲ್ಲದ ನಾವು, ಸ್ನಾನ ಮಾಡಿ, ತಲೆ ಬಾಚಿ, ಬೀಚಿನ ಪಕ್ಕದ ಆ ಹೋಟೆಲಿಗೆ ಹೋದೆವು. ಬಾಗಿಲಲ್ಲೇ ಗೊತ್ತಾಯಿತು, ಇದು ಮೀನಿನ ಹೋಟೆಲ್. ಒಳಗೆ ಹಿತವಾದ ಲೈಟು, ಬಿಳಿ ಟೇಬಲ್ ಕ್ಲಾತು, ಗಾಜಿನಾಚೆ ಮುಳುಗುತ್ತಿರುವ ಸೂರ್ಯ. ಎಲ್ಲವೂ ಇದ್ದವು. ಆದರೆ ನಮಗೂ ಮೀನಿಗೂ ಏನು ಸಂಬಂಧ?

ನಮ್ಮ ಮನೆ ವಿಷಯ ಇಲ್ಲಿ ಹೇಳಬೇಕು. ನಮ್ಮದು ಹಿಂದಿನಿಂದಲೂ ಕುರಿ ಸಾಕಿದ ಮನೆತನ. ಹಬ್ಬಕ್ಕೆ, ನೆಂಟರಿಗೆ ಮಟನ್ ಆಗಲೇಬೇಕು. ಆದರೆ ಮೀನು ಹೊಸಲು ದಾಟುವ ಹಾಗಿಲ್ಲ. ವಾಸನೆ. ಇದು ಅವ್ವನ ಕಾನೂನು. ಯಾಕೆ, ಯಾವಾಗ ಮಾಡಿದ್ದು ಅಂತ ನಾನು ಕೇಳಿದವನಲ್ಲ. ಮನೆಯ ಬಾಗಿಲು ಪೂರ್ವಕ್ಕಿದೆ, ಬಚ್ಚಲು ಹಿಂದಿದೆ, ಮೀನು ಒಳಗೆ ಬರುವುದಿಲ್ಲ. ಅಷ್ಟೇ.

"ಮಗು ತಿಳೀದೆ ಬುಕ್ ಮಾಡೈತೆ" ಎಂದೆ. "ಚಿಕನ್ ಇದ್ದೇ ಇರುತ್ತೆ ಬಿಡು."

ಮಾರಕ್ಕನ ಕಣ್ಣು ಅಡುಗೆಮನೆಯ ಬಾಗಿಲ ಕಡೆಗಿತ್ತು.

ಮೆನು ಬಂತು. ಕಾರ್ಡಲ್ಲ, ಪುಸ್ತಕ. ನಾನು ಓದುವ ಮೊದಲು ಪೇಪರ್ ಸವರಿ ನೋಡಿದೆ (ವೃತ್ತಿದೋಷ). ಒಳ್ಳೆಯ ದಪ್ಪ ಪೇಪರು, ಮ್ಯಾಟ್ ಲ್ಯಾಮಿನೇಶನ್, ಒಂದೇ ಒಂದು ಅಕ್ಷರತಪ್ಪು ಇಲ್ಲ. ಹೊಟ್ಟೆಕಿಚ್ಚಾಯಿತು. ಆದರೆ ಅರ್ಧಕ್ಕರ್ಧ ಐಟಮ್ಮುಗಳ ಮುಂದೆ ರೇಟಿನ ಜಾಗದಲ್ಲಿ 'ಎ.ಪಿ.ಎಸ್.' ಅಂತಿತ್ತು. ಪ್ರಿಂಟಿಂಗ್ ಮಿಸ್ಟೇಕ್ ಸಿಕ್ಕಿತು ಅಂತ ಖುಷಿಯಾಗಿ ಸ್ಟುವರ್ಡ್‌ನನ್ನು ಕರೆದು ಕೇಳಿದೆ. ಐವತ್ತರ ಆಸುಪಾಸಿನ, ನೆರೆತ ಮೀಸೆಯ ಮನುಷ್ಯ. ಬಹಳ ಮರ್ಯಾದೆಯಿಂದ ಬಗ್ಗಿ ಹೇಳಿದರು:

"ಅದು 'ಆ್ಯಸ್ ಪರ್ ಸೈಜ್' ಸರ್, ಸೈಜಿನ ಮೇಲೆ. ಮೀನು ಎಷ್ಟು ದೊಡ್ಡದು ಉಂಟು ನೋಡಿ ರೇಟು."

ನಾನು ಮೆನು ಮುಚ್ಚಿದೆ. "ಎರಡು ಪ್ಲೇಟ್ ನೀರ್ ದೋಸೆ, ಎರಡು ಚಿಕನ್..."

"ಒಂದ್ನಿಮಿಷ ಇರ್ರಿ."

ಮಾರಕ್ಕ. ಹೋಟೆಲಿನಲ್ಲಿ ನಾನು ಆರ್ಡರ್ ಮಾಡುವಾಗ ಅವಳು ನಡುವೆ ಬಾಯಿ ಹಾಕಿದ್ದು ಇದೇ ಮೊದಲು. ಸಾಮಾನ್ಯವಾಗಿ "ನಿಮಗೇನೋ ನನಗೂ ಅದೇ" ಅನ್ನುವವಳು. ನಾನು ಅದನ್ನು ಇಷ್ಟು ವರ್ಷ ಹೊಂದಾಣಿಕೆ ಅಂದುಕೊಂಡಿದ್ದೆ.

"ಇವತ್ತು ಬಂದ ಮೀನು ಯಾವುದೈತ್ರಿ? ತೋರಿಸ್ತೀರಾ?" ಎಂದು ಅವಳು ಸ್ಟುವರ್ಡ್‌ನನ್ನು ಕೇಳಿದಳು.

ಅವರ ಮುಖ ಅರಳಿತು. "ತೋರಿಸುವ ಮೇಡಂ!" ಎಂದು ಒಳಗೆ ಹೋದವರು ಒಂದು ದೊಡ್ಡ ಟ್ರೇ ಹಿಡಿದು ಬಂದರು. ಐಸಿನ ಹಾಸಿಗೆಯ ಮೇಲೆ ಸಾಲಾಗಿ ಮಲಗಿದ್ದವು. ಅಂಜಲ್, ಮಾಂಜಿ, ಕಾಣೆ ಅಂತ ಅವರು ಹೆಸರು ಹೇಳುತ್ತಾ ಹೋದರು. ಕೊನೆಗೆ ನನ್ನ ಅಂಗೈಯ ಎರಡರಷ್ಟು ಅಗಲದ ಎರಡು ಏಡಿ. ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ.

ಮಾರಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಬಲಗೈಯ ಬಳೆ ಮೇಲಕ್ಕೆ ಸರಿಸಿದಳು. ಒಂದು ಮೀನಿನ ಕಿವಿರು ಎತ್ತಿ ಒಳಗೆ ಇಣುಕಿದಳು. ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿ, ಬಿಟ್ಟು, ಗುಳಿ ಮೇಲಕ್ಕೆ ಬರುವುದನ್ನು ನೋಡಿದಳು. ಇನ್ನೊಂದರ ಕಣ್ಣು ನೋಡಿ "ಊಹೂಂ" ಅಂದಳು. ನಮ್ಮ ಕಡೆ ಸಂತೆಯಲ್ಲಿ ಟಗರಿನ ಹಲ್ಲು ಹಿಡಿದು ನೋಡುತ್ತಾರಲ್ಲ, ಅಷ್ಟೇ ಗಂಭೀರವಾಗಿ.

"ಈ ಕಾಣೆ ಎರಡು ಫ್ರೈ ಮಾಡಿಸ್ರಿ. ಏಡಿಕಾಯಿ ಒಂದು. ಇದಲ್ಲ, ಆ ಕಡೇದು. ಇದು ಹಗುರೈತೆ, ಒಳಗೇನಿಲ್ಲ."

ಸ್ಟುವರ್ಡ್ ಎರಡೂ ಏಡಿಗಳನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಮೇಡಂ, ನೀವು ನಮ್ಮ ಕಡೆಯವರಾ? ಮಲ್ಪೆಯಾ, ಗಂಗೊಳ್ಳಿಯಾ?"

"ಇಲ್ಲಪ್ಪ. ಮೊಳಕಾಲ್ಮೂರು."

"ಅಲ್ಲಿ ಎಂತ... ಸಮುದ್ರ ಉಂಟಾ?"

"ಡ್ಯಾಂ ಐತೆ" ಅಂದಳು ನನ್ನ ಹೆಂಡತಿ, ಸಮುದ್ರಕ್ಕಿಂತ ಅದೇ ದೊಡ್ಡದು ಎನ್ನುವ ಧಾಟಿಯಲ್ಲಿ.

ಅವರು ಆರ್ಡರ್ ತೆಗೆದುಕೊಂಡು ಹೋದರು. ನಾನು ಕೇಳಿದೆ, "ಇದನ್ನೆಲ್ಲ ಎಲ್ಲಿ ಕಲಿತೆ?"

"ಎಲ್ಲಿ ಕಲಿಯೋದು? ನಮ್ಮಪ್ಪನ ಜೊತೆ." ಅವಳ ಮುಖದಲ್ಲಿ ಒಂದು ಬೆಳಕು. ಸೂರ್ಯನದೋ, ಅವಳದೋ ಗೊತ್ತಾಗಲಿಲ್ಲ. "ಡ್ಯಾಂ ತುಂಬಿದ ವರ್ಷ ನಮ್ಮಪ್ಪ ಹೊಲದ ಕೆಲಸ ಬಿಟ್ಟು ಗಾಳ ಹಿಡ್ಕಂಡು ಕುಂತ್ಬಿಡ್ತಿದ್ದ. ನಾನು ಹುಳದ ಡಬ್ಬಿ ಹಿಡ್ಕಂಡು ಪಕ್ಕದಾಗೆ. ನೀರು ಇಳಿದ ಮೇಲೆ ಗದ್ದೆ ಬದಿನಾಗೆ ತೂತು ತೂತು ಇರ್ತವಲ್ಲ, ಅದ್ರೊಳಗೆ ಕೈ ಹಾಕಿದ್ರೆ ಏಡಿಕಾಯಿ. ನಮ್ಮಜ್ಜಿ ತೆಲುಗಿನವಳು. ಚೇಪಲ ಪುಲುಸು ಮಾಡಿದ್ರೆ ಮೂರು ಬೀದಿ ಆಚೆಯವರು ಬಟ್ಲು ಹಿಡ್ಕಂಡು ಬರ್ತಿದ್ರು."

ಚೇಪಲ ಪುಲುಸು. ಹುಳಿ ಹಾಕಿದ ಮೀನಿನ ಸಾರು. ಅವಳ ಬಾಯಲ್ಲಿ ಆ ಎರಡು ಪದಗಳನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಅಷ್ಟರಲ್ಲಿ ಒಬ್ಬ ವೇಟರ್ ಬಂದು ಅವಳ ಕೊರಳಿಗೆ ಒಂದು ಪ್ಲಾಸ್ಟಿಕ್ ಏಪ್ರನ್ ಕಟ್ಟಿದ. ಅದರ ಮೇಲೆ ನಗುತ್ತಿರುವ ಏಡಿಯ ಚಿತ್ರ. ಸೀರೆಗೆ ಮಸಾಲೆ ಹಾರಬಾರದು ಅಂತ. ಅಂಗನವಾಡಿಯಲ್ಲಿ ದಿನಾ ಮಕ್ಕಳಿಗೆ ಟವೆಲ್ ಕಟ್ಟಿ ಊಟ ಮಾಡಿಸುವವಳು, ಈಗ ತಾನೇ ಕಟ್ಟಿಸಿಕೊಂಡು, ನಗಲು ಶುರುಮಾಡಿ, ಬಾಯಿಗೆ ಸೆರಗು ಅಡ್ಡ ಹಿಡಿಯಲು ಹೋದಳು. ಸೆರಗು ಏಪ್ರನ್ನಿನ ಒಳಗೆ ಸಿಕ್ಕಿಕೊಂಡಿತ್ತು. ಅದಕ್ಕೆ ಇನ್ನಷ್ಟು ನಗು. ನನಗೂ ತಡೆಯಲಾಗಲಿಲ್ಲ.

ಏಡಿ ಬಂತು. ಕೆಂಪು ಮಸಾಲೆ, ಮೇಲೆ ತೆಂಗಿನ ತುರಿ. ಜೊತೆಗೆ ಅಡಕತ್ತರಿಯಂಥ ಒಂದು ಸ್ಟೀಲ್ ಸಾಮಾನು, ಉದ್ದನೆಯ ಒಂದು ಕಡ್ಡಿ. ಮಾರಕ್ಕ ಅಡಕತ್ತರಿಯನ್ನು ಎತ್ತಿ ನೋಡಿ ನನ್ನ ಕಡೆ ಸರಿಸಿದಳು. ಏಡಿಯ ದೊಡ್ಡ ಕಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದು ಸಣ್ಣ ತಿರುವು.

ಟಪ್!

ಮುಂದಿನದು ನಿಮಗೆ ಗೊತ್ತು. ಪಕ್ಕದ ಟೇಬಲ್‌ನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಕೂತಿತ್ತು. ಅವರದೂ ಏಡಿಯೇ. ಹತ್ತು ನಿಮಿಷದಿಂದ ಆ ಅಡಕತ್ತರಿ ಜೊತೆ ಗುದ್ದಾಡುತ್ತಿದ್ದರು. ಹುಡುಗಿ ಮೆಲ್ಲಗೆ, "ಆಂಟಿ, ಅದು ಹೇಗೆ ಮಾಡಿದಿರಿ?" ಎಂದಳು.

"ಬಾರಮ್ಮ ಇಲ್ಲಿ. ಕತ್ರಿ ಬಿಡು. ಗೆಣ್ಣು ಐತಲ್ಲ, ಅಲ್ಲಿ ಹಿಡಿ. ಜೋರು ಬ್ಯಾಡ. ಹಿಂಗೆ ತಿರುವು."

ಟಪ್! ಆ ಹುಡುಗಿ ಸಂತೋಷಕ್ಕೆ ಕೂಗಿಯೇಬಿಟ್ಟಳು. ಅವಳ ಗಂಡನೂ ಅಡಕತ್ತರಿ ಬಿಟ್ಟ. ಅದರಾಚೆ ಟೇಬಲ್‌ನಲ್ಲಿ ಕೋಟು ಹಾಕಿಕೊಂಡಿದ್ದ ಹಿರಿಯರೊಬ್ಬರು ಅತ್ತಿತ್ತ ನೋಡಿ, ಚಮಚ ಕೆಳಗಿಟ್ಟು, ತೋಳು ಮಡಚಿದರು. ಐದು ನಿಮಿಷದಲ್ಲಿ ಹಾಲ್‌ನ ಆ ಮೂಲೆ ಮದುವೆ ಮನೆಯ ಪಂಕ್ತಿಯಾಯಿತು. ಕೈಯಲ್ಲಿ ತಿನ್ನಲು ಎಲ್ಲರಿಗೂ ಆಸೆಯಿತ್ತು. ಯಾರಾದರೂ ಮೊದಲು ಶುರುಮಾಡಲಿ ಅಂತ ಕಾಯುತ್ತಿದ್ದರು. ನಾವು ಎಷ್ಟು ಕಡೆ ಹೀಗೆ ಕಾಯುತ್ತಾ ಕೂತಿರುತ್ತೇವೆ, ಯೋಚಿಸಿ.

ಈ ಸಂಭ್ರಮದ ನಡುವೆ ನನ್ನ ತಲೆಯಲ್ಲಿ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ.

"ಮದುವೆ ಆದ ಮೇಲೆ ಮೀನು ತಿಂದೇ ಇಲ್ವಾ ನೀನು?"

ಅವಳು ಏಡಿಯ ಕಾಲು ಚೀಪುವುದನ್ನು ನಿಲ್ಲಿಸಿದಳು. ಕಣ್ಣಲ್ಲಿ ಕಳ್ಳನಗು. "ತಿಂದೀನಿ. ತವರಿಗೆ ಹೋದಾಗ."

"ನಾನೂ ಬರ್ತಿದ್ನಲ್ಲ. ಯಾವತ್ತೂ ಮಾಡ್ಲಿಲ್ವಲ್ಲ?"

"ನೀವು ಹೋದ ಮೇಲೆ ಮಾಡ್ತಿದ್ರು."

ಈಗ ನನಗೆ ನೆನಪಾಯಿತು. ಪ್ರತಿ ಸಲ ಮೊಳಕಾಲ್ಮೂರಿಗೆ ಹೋದಾಗಲೂ ಮರುದಿನ ಬೆಳಿಗ್ಗೆ ಅವಳು ಹೇಳುತ್ತಿದ್ದಳು, "ನೀವು ಹತ್ತು ಗಂಟೆ ಬಸ್ಸಿಗೆ ಹೋಗ್ರಿ. ಪ್ರೆಸ್ಸು ಬಾಗಿಲು ಹಾಕಿದ್ರೆ ಗಿರಾಕಿ ಹೋಗ್ತಾರೆ. ನಾನು ನಾಳೆ ಬರ್ತೀನಿ." ಎಂಥ ಹೆಂಡತಿ! ನನ್ನ ವ್ಯಾಪಾರದ ಬಗ್ಗೆ ಎಷ್ಟು ಕಾಳಜಿ! ಇದನ್ನು ನಾನು ಸ್ನೇಹಿತರ ಹತ್ತಿರ ಹೇಳಿಕೊಂಡು ಮೆರೆದಿದ್ದೇನೆ. ಒಂದು ಸಲ ಇದೇ ಅಂಕಣದಲ್ಲಿ ಬರೆದೂ ಇದ್ದೇನೆ. ಕ್ಷಮಿಸಿ. ಅದು ಪ್ರೆಸ್ಸಿನ ಮೇಲಿನ ಪ್ರೀತಿಯಲ್ಲ. ನನ್ನ ಬಸ್ಸು ಊರ ಗೇಟು ದಾಟಿದ ಮೇಲೆ ಅಲ್ಲಿ ಒಲೆಯ ಮೇಲೆ ಮೀನಿನ ಸಾರು ಏರುತ್ತಿತ್ತು!

"ಮಾರನೇ ದಿನ ತಲೆಗೆ ಸ್ನಾನ ಮಾಡಿ, ಸೀರೆ ಬದಲಾಯ್ಸಿ, ಸೋಂಪು ತಿನ್ಕಂಡು ಬಸ್ ಹತ್ತುತಿದ್ದೆ" ಎಂದಳು. "ನಿಮ್ಮವ್ವಂಗೆ ಗೊತ್ತಾಗಬಾರ್ದು ಅಂತ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು. ನಗು ಮುಗಿಯುತ್ತಾ ಬಂದ ಹಾಗೆ ಒಳಗೆ ಏನೋ ಚುಚ್ಚಿತು. ಬೆಳೆದ ಮಗಳ ತಾಯಿ, ಸ್ವಂತ ಸಂಬಳ ತರುವವಳು, ತನಗಿಷ್ಟವಾದ ಒಂದು ತುತ್ತು ತಿನ್ನಲು ಕದ್ದುಮುಚ್ಚಿ ಓಡಾಡಿದ್ದಾಳೆ.

"ಅವ್ವನ ಸ್ವಭಾವ ನಿಂಗೆ ಗೊತ್ತಲ್ಲ" ಎಂದೆ, ಸಮಾಧಾನ ಮಾಡುವವನ ಹಾಗೆ. "ಹಳೇ ಕಾಲದವಳು."

ಮಾರಕ್ಕ ಕೈ ಒರೆಸಿಕೊಂಡಳು. ಸಿಟ್ಟಿರಲಿಲ್ಲ. ಸುಮ್ಮನೆ ಹೇಳಿದಳು. "ಅವ್ವ ಅಲ್ಲ ರೀ. ನೀವು."

"ನಾನಾ?"

"ಮದುವೆ ಆಗಿ ಎಂಟು ದಿನ ಆಗಿತ್ತು. 'ನಿಮ್ಮೂರಾಗೆ ಮೀನು ಸಿಗುತ್ತಾ' ಅಂತ ಕೇಳಿದೆ. ನೀವು ಹಿಂಗೆ ಮೂಗು ಹಿಡ್ಕಂಡು, 'ಥೂ, ಆ ನಾತ ಯಾರು ತಡ್ಕಂತಾರೆ' ಅಂದ್ರಿ. ಅವತ್ತೇ ಬಿಟ್ಟೆ. ಹೊಸ ಮದುವಣಗಿತ್ತಿ, ಇನ್ನೊಂದ್ಸಲ ಕೇಳೋಕೆ ಆಗುತ್ತಾ?"

ನನಗೆ ಆ ಮಾತು ನೆನಪೇ ಇಲ್ಲ. ಒಂದಿಷ್ಟೂ ಇಲ್ಲ. ಆಡಿದವನಿಗೆ ಅರ್ಧ ನಿಮಿಷದ ಮಾತು. ಕೇಳಿಸಿಕೊಂಡವಳಿಗೆ ಇಪ್ಪತ್ನಾಲ್ಕು ವರ್ಷ.

ಇನ್ನೊಂದು ನಾಚಿಕೆಯ ವಿಷಯ ಹೇಳಲೇ? ನಾನು ಜೀವನದಲ್ಲಿ ಒಮ್ಮೆಯೂ ಮೀನಿನ ರುಚಿ ನೋಡಿದವನಲ್ಲ. ಒಂದು ಚೂರೂ ಬಾಯಿಗೆ ಹಾಕದೆ 'ನನಗಾಗಲ್ಲ' ಎಂದು ಐವತ್ತು ವರ್ಷ ತಳ್ಳಿದ್ದೆ. ಅಪ್ಪನಿಂದ ಎರಡೆಕರೆ ಶೇಂಗಾ ಹೊಲ ಬಂತು. ಅದರ ಜೊತೆ ಇದೂ ಬಂದಿತ್ತು. ಹೊಲದ ಪಹಣಿಯನ್ನಾದರೂ ಒಂದೆರಡು ಸಲ ತೆಗೆದು ನೋಡಿದ್ದೇನೆ. ಇದನ್ನು ನೋಡಲೇ ಇಲ್ಲ.

"ನಂಗೂ ಒಂದು ಚೂರು ಕೊಡು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಬಲವಂತ ಇಲ್ಲ ರೀ."

"ಕೊಡೇ."

ಕಾಣೆ ಮೀನಿನ ಫ್ರೈಯನ್ನು ತನ್ನ ತಟ್ಟೆಗೆ ಎಳೆದುಕೊಂಡಳು. ಬೆರಳ ತುದಿಯಲ್ಲಿ ಮೆಲ್ಲಗೆ ಬಿಡಿಸಿ, ನಡುವಿನ ಮುಳ್ಳನ್ನು ಒಂದೇ ಎಳೆತಕ್ಕೆ ಎತ್ತಿ ಪಕ್ಕಕ್ಕಿಟ್ಟಳು. ಉಳಿದ ಸಣ್ಣ ಮುಳ್ಳುಗಳನ್ನು ಬೆಳಕಿಗೆ ಹಿಡಿದು ಹುಡುಕಿ ತೆಗೆದಳು. ಆಮೇಲೆ, ಕೋಟು ಹಾಕಿದ ಹಿರಿಯರೂ ಹೊಸ ಜೋಡಿಯೂ ನೋಡುತ್ತಿರುವಾಗಲೇ, ನನ್ನ ಬಾಯಿಗೆ ಇಟ್ಟಳು.

ಕಣ್ಣು ಮುಚ್ಚಿಕೊಂಡೆ. ಅಗಿದೆ. ಮೊದಲು ಖಾರ, ಆಮೇಲೆ ರವೆಯ ಗರಿಗರಿ, ಆಮೇಲೆ ಬೆಣ್ಣೆಯಂಥದ್ದೊಂದು. ನಾತ? ಹುಡುಕಿದೆ. ಸಿಗಲಿಲ್ಲ.

"ಹೆಂಗೈತೆ?" ಎಂದಳು. ಅವಳು ಉಸಿರು ಬಿಗಿಹಿಡಿದಿದ್ದಳು. ಆ ಇಡೀ ಮೂಲೆಯೇ ಉಸಿರು ಬಿಗಿಹಿಡಿದಿತ್ತು ಎಂದು ನನ್ನ ಅನುಮಾನ.

"ಇನ್ನೊಂದು ಆರ್ಡರ್ ಮಾಡು" ಎಂದೆ.

ಹೊಸ ಜೋಡಿ ಚಪ್ಪಾಳೆ ತಟ್ಟಿತು. ಸ್ಟುವರ್ಡ್ ಅಡುಗೆಮನೆಗೆ ನಡೆದು ಹೋಗಲಿಲ್ಲ, ಓಡಿದರು. ಅವತ್ತು ನಾನು ನಾಲ್ಕು ಕಾಣೆ ತಿಂದೆ. (ಐದು. ಹೆಂಡತಿ ಈ ಅಂಕಣ ಓದುತ್ತಾಳೆ, ಸುಳ್ಳು ಬರೆಯುವಂತಿಲ್ಲ.) ಹೊರಡುವಾಗ ಸ್ಟುವರ್ಡ್ ಬಾಗಿಲವರೆಗೂ ಬಂದು, "ಮೇಡಂ, ಇನ್ನು ಬರುವಾಗ ಟ್ರೇ ನಿಮ್ಮ ಹತ್ತಿರವೇ ತರುವುದು ನಾನು, ಸರ್‌ನ ಹತ್ತಿರ ಕೇಳುವುದಿಲ್ಲ" ಎಂದರು.

ರೂಮಿಗೆ ನಡೆಯುತ್ತಾ ಮಗಳಿಗೆ ಫೋನ್ ಮಾಡಿದೆ. "ನಿಮ್ಮವ್ವಂಗೆ ಮೀನು ಇಷ್ಟ ಅಂತ ನಿಂಗೆ ಗೊತ್ತಿತ್ತಾ?"

"ಅಪ್ಪ" ಎಂದಳು, "ಮೊಳಕಾಲ್ಮೂರು ಅಜ್ಜಿ ಮನೇಲಿ ನಾನೂ ಕೂತು ತಿಂತಿದ್ದೆ. ಗೊತ್ತಿಲ್ದೇ ಇದ್ದದ್ದು ನಿಂಗೊಬ್ಬಂಗೇ."

ಸಮುದ್ರದ ಗಾಳಿ ಜೋರಿತ್ತು. ಇಲ್ಲದಿದ್ದರೆ ಇಬ್ಬರೂ ನಕ್ಕದ್ದು ಇನ್ನೂ ಜೋರಾಗಿ ಕೇಳಿಸುತ್ತಿತ್ತು.

ಇಲ್ಲಿಗೆ ಮುಗಿಸಿದ್ದರೆ ಇದು ಒಂದು ರಜೆಯ ಕಥೆ. ಆದರೆ ಊರಿಗೆ ವಾಪಸ್ ಬರಲೇಬೇಕಲ್ಲ? ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗಲೇ ನಾನು ಒಂದು ತೀರ್ಮಾನ ಮಾಡಿದ್ದೆ. ಸಮುದ್ರದ ಪಕ್ಕದಲ್ಲಿ ಧೈರ್ಯವಂತನಾಗಿದ್ದು ದೊಡ್ಡದಲ್ಲ. ಅವ್ವನ ಎದುರು ಆಗಬೇಕು.

ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋದೆ. ನಮ್ಮ ತಾಲೂಕಿನ ಕುದಾಪುರದ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕ್ಯಾಂಪಸ್ಸುಗಳು ಬಂದು ಹೊರಗಿನ ಜನ ಹೆಚ್ಚಾದ ಮೇಲೆ ನಮ್ಮಲ್ಲೂ ಐಸ್ ಪೆಟ್ಟಿಗೆಯ ಮೀನಿನ ಗಾಡಿಗಳು ನಿಲ್ಲುತ್ತವೆ. ನಾನು ದಿನಾ ಅವುಗಳ ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವನು. ಅವತ್ತು ನಿಂತೆ. ಮಾರಕ್ಕ ಕಲಿಸಿದ ಹಾಗೆ ಕಿವಿರು ಎತ್ತಿದೆ. ಗಾಡಿಯವರು, "ಕ್ಯಾ ಸಾಬ್, ನೀವೂ ಶುರು ಮಾಡಿದ್ರಾ?" ಎಂದು ನಕ್ಕರು. ಒಂದು ಕಾಟ್ಲಾ ಮೀನು ಕವರಿಗೆ ಹಾಕಿಸಿಕೊಂಡು ಮನೆ ಬಾಗಿಲಿಗೆ ಬಂದೆ.

ಅವ್ವ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕವರ್ ನೋಡಿದಳು. ನನ್ನನ್ನು ನೋಡಿದಳು.

"ಏನಲೇ ಅದು?"

ಐವತ್ತು ದಾಟಿದ ಗಂಡಸು ನಾನು. ಕವರನ್ನು ಬೆನ್ನ ಹಿಂದಕ್ಕೆ ಸರಿಸಿದೆ. "ಮೀನು ಅವ್ವ. ಮಾರಕ್ಕಂಗೆ ಇಷ್ಟ. ನಂಗೂ."

ಬಾಗಿಲ ಹಿಂದೆ ಮಾರಕ್ಕ ಕಲ್ಲಿನಂತೆ ನಿಂತಿದ್ದಳು. ಅವ್ವ ಸುಲಿಯುತ್ತಿದ್ದ ಅವರೆಕಾಯಿಯನ್ನು ಮುಗಿಸಿದಳು. ಇನ್ನೊಂದನ್ನು ತೆಗೆದುಕೊಂಡಳು. ಅದನ್ನೂ ಮುಗಿಸಿದಳು.

"ನನ್ನ ಪಾತ್ರೆ ಮುಟ್ಟಂಗಿಲ್ಲ" ಎಂದಳು ಕೊನೆಗೆ. "ಹಿತ್ಲಾಗೆ ಮಾಡ್ಕಳ್ರಿ."

ಇಷ್ಟು ಸಾಕಿತ್ತು! ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಹೊಸ ಮಣ್ಣಿನ ಮಡಕೆ ತಂದೆ. ಮಾರಕ್ಕ ನನ್ನ ಕೈಗೆ ಮೀನು ಕೊಟ್ಟು, "ಬೂದಿ ಹಚ್ಚಿ ಉಜ್ಜಿ ತೊಳೀರಿ" ಎಂದಳು. ಅದು ಮೂರು ಸಲ ನನ್ನ ಕೈಯಿಂದ ಜಾರಿ ಬಕೆಟ್ಟಿನ ನೀರಿಗೆ ಧುಮುಕಿತು. ಸತ್ತ ಮೀನಿಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮಸಾಲೆ ಬಿತ್ತು, ಕುದಿ ಬಂತು. ಅವ್ವ ಹಿಂದಿನ ಬಾಗಿಲಿಗೆ ಬಂದು, ಮೂಗಿಗೆ ಸೆರಗು ಮುಚ್ಚಿಕೊಂಡು ಹೊಸಲ ಮೇಲೆ ಕೂತಳು. ಕಾವಲಿಗೆ ಇರಬೇಕು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಸೆರಗಿನ ಹಿಂದಿನಿಂದ ದನಿ ಬಂತು.

"ಹುಳಿ ಸಾಲ್ದು."

ಮಾರಕ್ಕ ಸೌಟು ಹಿಡಿದು ತಿರುಗಿದಳು. "ಏನಂದ್ರಿ ಅತ್ತೆ?"

"ಹುಣಸೆಹಣ್ಣು ಕಮ್ಮಿ ಆಗೈತೆ. ವಾಸ್ನೇಲೇ ಗೊತ್ತಾಗುತ್ತೆ. ಇನ್ನೊಂದೀಟು ಕಿವುಚಿ ಹಾಕು. ಸೌಟು ಆಡಿಸ್ಬ್ಯಾಡ, ಮೀನು ಒಡೀತದೆ. ಮಡಕೆನೇ ಅಲ್ಲಾಡಿಸು."

ನಾನು ಮಾರಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ಅವ್ವ, ನಿಂಗೆಂಗೆ ಗೊತ್ತು ಇದು?"

"ಪರಶುರಾಂಪುರದ ಕಡೆಯವಳಲ್ಲವೇನಲೇ ನಾನು? ನಮ್ಮೂರ ಕೆರೆ ತುಂಬಿದ್ರೆ ಮನೆ ಮನೇಲೂ ಇದೇಯ. ಹದಿನೈದು ವರ್ಷದ ಹುಡುಗಿ ಇದ್ದಾಗಲೇ ಮಾಡ್ತಿದ್ದೆ."

"ಮತ್ತೆ ಈ ಮನೇಲಿ ಯಾಕೆ ಬ್ಯಾಡ ಅಂದೆ?"

"ನಿಮ್ಮಪ್ಪಂಗೆ ಆಗ್ತಿರ್ಲಿಲ್ಲ."

"ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತಲ್ಲ ಅವ್ವ."

"ನಿಂಗೂ ಆಗಲ್ಲ ಅಂದ್ಕಂಡಿದ್ದೆ" ಎಂದಳು ಅವ್ವ.

ಮಾರಕ್ಕನ ಕೈಯಿಂದ ಸೌಟು ಜಾರಿತು. ಅವಳು ನಗಲು ಶುರುಮಾಡಿದಳು. ಆಮೇಲೆ ನಾನು. ಕೊನೆಗೆ ಅವ್ವನೂ, ಮೂಗಿನ ಸೆರಗು ತೆಗೆದು. ಅವ್ವನಿಗಾಗಿ ನಾನು, ನನಗಾಗಿ ಅವ್ವ, ನಮ್ಮಿಬ್ಬರಿಗಾಗಿ ಮಾರಕ್ಕ. ಮೂವರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತಾ ಅಷ್ಟು ವರ್ಷ ಕೂತಿದ್ದೆವು! ಒಂದೇ ಒಂದು ದಿನ, ಊಟಕ್ಕೆ ಕೂತಾಗ, ಯಾರಾದರೊಬ್ಬರು ಬಾಯಿಬಿಟ್ಟು ಕೇಳಿದ್ದರೆ?

ಬಿಸಿ ಮುದ್ದೆ, ಮೀನಿನ ಸಾರು. ಅವ್ವ ಹೊಸಲಿನ ಮೇಲೆಯೇ ಕೂತು ಉಂಡಳು. ಮೂರನೆಯ ತುತ್ತಿಗೆ, "ನಾಳಿಕೆ ಇನ್ನೂ ರುಚಿ ಆಗ್ತೈತೆ. ಒಂದೀಟು ಎತ್ತಿಡು" ಎಂದಳು. ಮಾರಕ್ಕ ಅವಳ ಪಕ್ಕದಲ್ಲೇ ಕೂತು ಮುಳ್ಳು ಬಿಡಿಸಿಕೊಡುತ್ತಿದ್ದಳು. ಅತ್ತೆ ಸೊಸೆ ಇಷ್ಟು ಹತ್ತಿರ ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ತಮ್ಮೂರಿನ ಕೆರೆಯಲ್ಲಿ ಸಿಗುತ್ತಿದ್ದ ಮೀನು, ಡ್ಯಾಂನಲ್ಲಿ ಸಿಗುತ್ತಿದ್ದ ಮೀನು, ಯಾವುದಕ್ಕೆ ರುಚಿ ಹೆಚ್ಚು ಅಂತ ಇಬ್ಬರಿಗೂ ವಾದ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಕೈ ತೊಳೆಯುವಾಗ ಒಂದು ಅನುಮಾನ ಬಂತು. "ಅವ್ವ, ಅಪ್ಪಂಗೆ ಮೀನು ಯಾಕೆ ಆಗ್ತಿರ್ಲಿಲ್ಲ? ತಿಂದು ಏನಾದ್ರೂ ಆಗಿತ್ತಾ?"

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಗೊತ್ತಿಲ್ಲಪ್ಪ. ನಾನು ಸೊಸೆಯಾಗಿ ಬಂದಾಗ ನಿಮ್ಮಜ್ಜಿ ಹಂಗಂತ ಹೇಳಿದ್ಲು. ನಿಮ್ಮಪ್ಪನ್ನ ನಾನೇನು ಕೇಳಿರ್ಲಿಲ್ಲ."

ಈ ಭಾನುವಾರ ನಿಮ್ಮ ಮನೆಯಲ್ಲಿ ಏನಡುಗೆ ಅಂತ ನಾನು ಕೇಳುವುದಿಲ್ಲ. ಯಾರನ್ನು ಕೇಳಿ ಮಾಡುತ್ತೀರಿ, ಅದನ್ನು ಹೇಳಿ.